ಜಗಳ ಬೇರೆ, ಗೋಳು ಹೊಯ್ದುಕೊಳ್ಳುವುದು ಬೇರೆ

ಪ್ರಶ್ನೆ (ಶಿಕ್ಷಕಿ): ನಮಸ್ತೆ ಮೇಡಂ. ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. 31 ಮಕ್ಕಳು. ಒಬ್ಬ ಹುಡುಗನಿಗೆ ಮಾತಾಡುವಾಗ ಉಗ್ಗು. ಮೂವರು ಹುಡುಗರು ಅವನನ್ನು ದಿನಾ ಅಣಕಿಸುತ್ತಾರೆ. ಬಿಸಿಯೂಟದ ಸಾಲಿನಲ್ಲಿ ಹಿಂದಕ್ಕೆ ತಳ್ಳುತ್ತಾರೆ. ಎರಡು ಸಲ ನಾಲ್ವರನ್ನೂ ಕರೆದು ಸಾರಿ ಹೇಳಿಸಿ, ಕೈ ಕುಲುಕಿಸಿದೆ. ಕಾಟ ಇನ್ನೂ ಜಾಸ್ತಿ ಆಯಿತು. ಈಗ ಅವನು ಶಾಲೆಗೇ ಬರುತ್ತಿಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ): ಮೇಡಂ, ಜಗಳಕ್ಕೆ ಕೊಡುವ ಮದ್ದನ್ನು ನೀವು ಬೇರೆ ಕಾಯಿಲೆಗೆ ಕೊಟ್ಟಿದ್ದೀರಿ. ಲಗೋರಿಯಲ್ಲಿ ಔಟಾದನೋ ಇಲ್ಲವೋ ಅಂತ ಇಬ್ಬರು ಕಿತ್ತಾಡಿದರೆ ಅದು ಜಗಳ. ಟೂ ಬಿಡುತ್ತಾರೆ, ಸಂಜೆಗೆ ಒಂದಾಗುತ್ತಾರೆ. ಅಲ್ಲಿ ಇಬ್ಬರನ್ನೂ ಕೂರಿಸಿ, ಒಬ್ಬೊಬ್ಬರ ಮಾತು ಕೇಳಿ, ದಾರಿ ಅವರಿಂದಲೇ ಹೊರಡಿಸಬೇಕು. ಆದರೆ ಬಲ ಇರುವವರು ಒಬ್ಬನನ್ನೇ ಹಿಡಿದು, ಬೇಕೆಂದೇ, ಮತ್ತೆ ಮತ್ತೆ ನೋಯಿಸಿದರೆ ಅದು ಗೋಳು ಹೊಯ್ದುಕೊಳ್ಳುವುದು. ನಾರ್ವೆಯ ಡ್ಯಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ ಗುರುತುಗಳು ಇವೇ. ಇಲ್ಲಿ ರಾಜಿ ಮಾಡಿಸಿದರೆ "ನಿನ್ನದೂ ತಪ್ಪಿದೆ" ಅಂತ ಆ ಮಗುವಿಗೆ ಹೇಳಿದಂತೆ ಆಗುತ್ತದೆ.

ಮೊದಲು ಅವನ ಹತ್ತಿರ ಒಬ್ಬನೇ ಇದ್ದಾಗ ಮಾತಾಡಿ. ಅವನು ಉಗ್ಗಿದರೆ ವಾಕ್ಯ ನೀವು ಮುಗಿಸಬೇಡಿ, ಕಾಯಿರಿ. (ಉಗ್ಗಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆ ಇದೆ, ಮನೆಯವರಿಗೆ ತಿಳಿಸಿ.) ಆ ಮೂವರನ್ನು ಬೇರೆ ಬೇರೆಯಾಗಿ ಕರೆಯಿರಿ. ಒಟ್ಟಿಗೆ ಕರೆದರೆ ಒಬ್ಬರಿಗೊಬ್ಬರು ಧೈರ್ಯ. "ನಾನು ಇದನ್ನು ನೋಡಿದೆ, ಇದು ಇವತ್ತೇ ನಿಲ್ಲಬೇಕು" ಅನ್ನಿ. ವಾರ ಬಿಟ್ಟು ಮತ್ತೆ ಕರೆದು ವಿಚಾರಿಸಿ. ಹೊಡೆಯಲೇಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಅಂತ ನಾವೇ ಕಲಿಸಿದಂತೆ ಆಗುತ್ತದೆ, ಅಲ್ವಾ?

ನಿಮ್ಮ ನಿಜವಾದ ಬಲ ಉಳಿದ 27 ಮಕ್ಕಳು. ಅಣಕಿಸುವಾಗ ಅವರು ನಕ್ಕರೆ ಆ ಮೂವರಿಗೆ ಅದೇ ಚಪ್ಪಾಳೆ. ಕೆನಡಾದ ಶಾಲಾ ಮೈದಾನಗಳ ವಿಡಿಯೋ ನೋಡಿ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಜೊತೆಯ ಮಕ್ಕಳು ಅಡ್ಡ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಅಡ್ಡ ಬರುವುದು ಅಂದರೆ ಹೊಡೆದಾಡುವುದಲ್ಲ. "ಬಾರೋ, ನಮ್ಮ ಜೊತೆ ಕೂತ್ಕೋ" ಅಂದರೂ ಸಾಕು. ಇದನ್ನು ತರಗತಿಯಲ್ಲಿ ನಾಟಕ ಆಡಿಸಿ ಕಲಿಸಿ. ಆ ಹುಡುಗನ ಕಥೆಯನ್ನು ಮಾತ್ರ ನಾಟಕ ಮಾಡಬೇಡಿ, ಅವನಿಗೆ ಅವಮಾನ.

ಪ್ರಶ್ನೆ (ಒಬ್ಬ ತಂದೆ): ನನ್ನ ಮಗಳಿಗೆ ಮಿಸ್‌ಗೆ ಹೇಳು ಅಂದರೆ, "ಚಾಡಿ ಹೇಳ್ತೀಯಾ ಅಂತಾರೆ ಅಪ್ಪ" ಅಂತಾಳೆ. ಏನು ಹೇಳಲಿ?

ಉತ್ತರ: ಸರ್, ಇನ್ನೊಬ್ಬರಿಗೆ ಬೈಗುಳ ಬೀಳಲಿ ಅಂತ ಹೇಳಿದರೆ ಚಾಡಿ. ಯಾರಿಗೋ ನೋವಾಗುತ್ತಿದೆ, ನಿಲ್ಲಿಸಿ ಅಂತ ಹೇಳಿದರೆ ಸಹಾಯ ಕೇಳಿದ್ದು. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಶಾಲೆಯಲ್ಲಿ ಯಾರೂ ಕಿವಿಗೊಡದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ.

ಶಿಕ್ಷಕಿ: ಇವತ್ತು ಸಂಜೆ ಅವನ ಮನೆಗೆ ಹೋಗುತ್ತೇನೆ ಮೇಡಂ. ನಾಳೆಯಿಂದ ಊಟದ ಸಾಲಿನ ಹತ್ತಿರ ನಾನೇ ನಿಲ್ಲುತ್ತೇನೆ.

ಉತ್ತರ: ಹೋಗಿ ಬನ್ನಿ. ಕೈ ಕುಲುಕಿಸಿದ್ದು ನನ್ನ ತಪ್ಪು, ನಿನ್ನದೇನೂ ತಪ್ಪಿರಲಿಲ್ಲ ಅಂತ ಅವನಿಗೆ ಮೊದಲು ಹೇಳಿಬಿಡಿ.