ಪದಚರ್ಚೆ: ‘ಹಾರ್ಡ್ ಸೈಡರ್’ಗೆ ‘ಸೇಬಿನ ಹೆಂಡ’ ಅಂದರೆ ತಪ್ಪಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಕೇಳೋದು ಒಂದೇ ಪದ, ಆದರೆ ಅದರ ಹಿಂದೆ ಹತ್ತು ಪದ ಬರುತ್ತವೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ನನ್ನ ಅಕ್ಕನ ಮಗ ಇಂಗ್ಲೆಂಡಿನ ಹೆರಿಫರ್ಡ್ ಕಡೆ ಇದ್ದಾನೆ. ಆ ಸೀಮೆ ತುಂಬ ಸೇಬಿನ ತೋಟ. ಸೆಪ್ಟೆಂಬರಿನಿಂದ ನವೆಂಬರ್ ತನಕ ಹಣ್ಣು ಉದುರುತ್ತವೆ, ಅಕ್ಕಪಕ್ಕದವರು ಬುಟ್ಟಿಗಟ್ಟಲೆ ಕೊಡುತ್ತಾರೆ, ಅವನು ಅದನ್ನು ಹಿಂಡಿ ಮನೆಯಲ್ಲೇ ಸೈಡರ್ (ಸೇಬಿನ ರಸ ಹುದುಗಿಸಿದ ಅಮಲಿನ ಪಾನೀಯ) ಮಾಡುತ್ತಾನೆ. ಅಲ್ಲಿ ಮನೆಮಟ್ಟಿಗೆ ಮಾಡಿಕೊಂಡರೆ ತಕರಾರಿಲ್ಲ. (ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ನನಗೆ ಬೇಕಿರೋದು ಪದ ಮಾತ್ರ.) ಮಾಡುವ ಬಗೆಯನ್ನು ಅಲ್ಲಿನ ಕನ್ನಡದ ಗೆಳೆಯರಿಗಾಗಿ ಕನ್ನಡದಲ್ಲೇ ಬರೆದು, ‘ಮಾಮ, ಒಂದ್ಸಲ ತಿದ್ದಿಕೊಡಿ’ ಅಂತ ಕಳಿಸಿದ್ದಾನೆ. ಮೊದಲ ಸಾಲಿನಲ್ಲೇ ‘ಹಾರ್ಡ್ ಸೈಡರ್’ಗೆ ‘ಗಟ್ಟಿ ಸೇಬಿನ ರಸ’ ಅಂತಿದೆ. ಓದಿದವರಿಗೆ ಸೇಬು ಗಟ್ಟಿಯೋ ರಸ ಗಟ್ಟಿಯೋ ಗೊತ್ತಾಗಲ್ಲ. ಒಂದು ವಾರದಿಂದ ಈ ಸಾಲಿನ ಮುಂದೆ ಕೂತಿದ್ದೇನೆ.

‘ಹಾರ್ಡ್’ ಅನ್ನೋದು ಅಮೆರಿಕದವರ ಅಗತ್ಯ. ಅವರಿಗೆ ಬರೀ ‘ಸೈಡರ್’ ಅಂದರೆ ಸೋಸದ ಸೇಬಿನ ರಸ, ಮಕ್ಕಳೂ ಕುಡಿಯೋದು. ಅಮಲಿನದಕ್ಕೆ ‘ಹಾರ್ಡ್’ ಸೇರಿಸಬೇಕು. ಇಂಗ್ಲೆಂಡಿನಲ್ಲಿ ಸೈಡರ್ ಅಂದರೇನೇ ಅಮಲಿನದು. ಇನ್ನು ಸೈಡರ್ ಪದದ ಬೇರಿಗೆ ಹೋದರೆ ಅಲ್ಲಿ ಸೇಬೇ ಇಲ್ಲ. ಹೀಬ್ರೂ ಭಾಷೆಯ ‘ಶೇಖಾರ್’, ಅಂದರೆ ಅಮಲೇರಿಸುವ ಯಾವುದೇ ಪಾನೀಯ. ಅದು ಗ್ರೀಕಿನಲ್ಲಿ ‘ಸಿಕೆರಾ’, ಲ್ಯಾಟಿನ್ನಿನಲ್ಲಿ ‘ಸಿಸೆರಾ’ ಆಗಿ, ಫ್ರೆಂಚರ ಬಾಯಿಗೆ ಬಂದು ಸೇಬಿಗೆ ಅಂಟಿಕೊಂಡಿತು.

ಇದನ್ನೆಲ್ಲ ಯೋಚಿಸುವಾಗ ನನಗೆ ನಮ್ಮ ಹಳೇ ಊರು ನೆನಪಾಯಿತು. ಹಿರಿಯೂರು ಕಡೆ, ಹಳ್ಳದ ದಂಡೆಗೆ ಈಚಲ ಮರಗಳು. ನಾನು ಚಿಕ್ಕವನಿದ್ದಾಗ ಬೆಳಗಿನ ಜಾವ ಮರದಿಂದ ಇಳಿಸಿದ ಗಡಿಗೆಯಲ್ಲಿ ಎಳನೀರಿನಂಥ ಸಿಹಿ ನೀರು ಇರುತ್ತಿತ್ತು, ಗಡಿಗೆಯ ಒಳಗೆ ಸುಣ್ಣ ಬಳಿದಿರುತ್ತಿದ್ದರು. ಅದು ನೀರಾ. ಸುಣ್ಣ ಬಳಿಯದ ಗಡಿಗೆಯದು ಹೊತ್ತೇರಿದ ಹಾಗೆ ಬೆಳ್ಳಗಾಗಿ, ಬಾಯಿಯ ಸುತ್ತ ಬುರುಗು ಕಟ್ಟಿ, ಸುಯ್ ಅಂತ ಸಣ್ಣಗೆ ಸದ್ದು ಮಾಡುತ್ತಿತ್ತು. ಅದು ಹೆಂಡ. ಮರ ಒಂದೇ, ರಸ ಒಂದೇ, ಹುದುಗದಿದ್ದರೆ ಒಂದು ಹೆಸರು, ಹುದುಗಿದರೆ ಇನ್ನೊಂದು. ಅಮೆರಿಕದವರು ‘ಹಾರ್ಡ್’ ಅಂತ ಗುಣಪದ ಅಂಟಿಸಿ ಹೇಳುವುದನ್ನು ನಮ್ಮವರು ಎರಡು ಬೇರೆ ಪದಗಳಲ್ಲೇ ಹೇಳಿ ಮುಗಿಸಿದ್ದಾರೆ. ಹಾಗಾದರೆ ಸೈಡರ್ ಸೇಬಿನ ಹೆಂಡ ಅಲ್ವಾ?

ಅಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ‘ನನ್ನ ಮಗ ಹೆಂಡ ಕಾಯಿಸ್ತಾನೆ ಅಂತ ಬರಿತೀಯೇನೋ’ ಅಂದಳು. ಆ ಮಾತಿನಲ್ಲೇ ತೊಡಕು ಇದೆ ನೋಡಿ. ಕಾಯಿಸೋದು ಸಾರಾಯಿ. ಬಟ್ಟಿ ಇಳಿಸಿ, ಆವಿ ಹಿಡಿದು ತೆಗೆಯೋದು ಅದು. 2007ರ ಜುಲೈನಲ್ಲಿ ಸರ್ಕಾರ ನಿಲ್ಲಿಸಿದ್ದು ಅದನ್ನೇ. ಹೆಂಡಕ್ಕೆ ಒಲೆ ಬೇಡ, ಸೈಡರಿಗೂ ಬೇಡ. ಈಗ ಮಾತಿನಲ್ಲಿ ಹೆಂಡ, ಸಾರಾಯಿ, ಬ್ರಾಂದಿ ಎಲ್ಲ ಒಂದೇ ಬೈಗುಳ ಆಗಿಬಿಟ್ಟಿವೆ. ‘ಇಳಿಸು’ ಅನ್ನೋ ಕ್ರಿಯಾಪದ ಬೇರೆ ಎರಡಕ್ಕೂ ಬಳಕೆ: ಹೆಂಡವನ್ನು ಮರದಿಂದ ಇಳಿಸುತ್ತಾರೆ, ಸಾರಾಯಿಯನ್ನು ಬಟ್ಟಿಯಿಂದ ಇಳಿಸುತ್ತಾರೆ. ಈ ಗಲಿಬಿಲಿ ಬಿಡಿಸದೆ ಪದ ಕೊಟ್ಟರೆ ಓದುವವನು ಸೈಡರನ್ನು ಸಾರಾಯಿ ಅಂದುಕೊಳ್ಳುತ್ತಾನೆ.

ಮರ್ಯಾದೆಯ ಪದವೇ ಬೇಕು ಅಂದರೆ ‘ಆಸವ’ ಇದೆ. ಆಯುರ್ವೇದದಲ್ಲಿ ಕುದಿಸದೆ ಹುದುಗಿಸಿದ್ದು ಆಸವ, ಕಷಾಯ ಮಾಡಿ ಹುದುಗಿಸಿದ್ದು ಅರಿಷ್ಟ. ಮನೆಯಲ್ಲಿ ದಶಮೂಲಾರಿಷ್ಟದ ಬಾಟಲಿ ಇದ್ದರೆ ಲೇಬಲ್ ಓದಿ, ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತಾರೆ. ಲೆಕ್ಕಕ್ಕೆ ಸೈಡರ್ ಕೂಡ ಸೇಬಿನ ಆಸವವೇ. ಆದರೆ ಆಸವ ಅಂದ ಕೂಡಲೇ ಔಷಧಿ ಅಂಗಡಿಯ ವಾಸನೆ ಬರುತ್ತೆ, ಚಮಚದಲ್ಲಿ ಅಳೆದು ಕುಡಿಯೋದು ಅನ್ನಿಸುತ್ತೆ. ನನಗೆ ಹಿಡಿಸಲಿಲ್ಲ.

ಇನ್ನು ಅವನ ಬರಹದ ದೊಡ್ಡ ತಪ್ಪಿಗೆ ಬರುತ್ತೇನೆ. ‘ರಸ ಹುಳಿ ಬರುವ ತನಕ ಬಿಡಿ’ ಅಂತ ಬರೆದಿದ್ದಾನೆ. ಪಾಪ, ಅವರಮ್ಮ ದೋಸೆ ಹಿಟ್ಟಿಗೆ ಹೇಳೋದು ಹಾಗೇ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅವನು ಗಾಜಿನ ಜಾಡಿ ತೋರಿಸಿದಾಗ ಅಕ್ಕ ಒಲೆಕಟ್ಟೆ ಹತ್ತಿರ ನಿಂತಿದ್ದಳು. ‘ಏನೋ ಅದು, ದೋಸೆ ಹಿಟ್ಟು ಉಕ್ಕಿದಂಗೆ ಉಕ್ತಾ ಐತಲ್ಲೋ’ ಅಂದು ತನ್ನ ಪಾತ್ರೆಯ ತಟ್ಟೆ ಸರಿಸಿ ತೋರಿಸಿದಳು. ಅಂಚಿನ ತನಕ ಉಬ್ಬಿ, ಮೇಲೆಲ್ಲ ಸಣ್ಣ ಸಣ್ಣ ತೂತು ಬಿದ್ದ ಹಿಟ್ಟು. ನೋಡೋಕೆ ಎರಡೂ ಒಂದೇ. ಆದರೆ ದೋಸೆ ಹಿಟ್ಟಿನಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾದ್ದು, ಅವು ಹಿಟ್ಟನ್ನು ಉಬ್ಬಿಸುತ್ತವೆ, ಹುಳಿಯನ್ನೂ ತರುತ್ತವೆ. ಸೇಬಿನ ರಸದಲ್ಲಿ ಕೆಲಸ ಯೀಸ್ಟಿನದು. ಅದು ಸಕ್ಕರೆ ತಿಂದು ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್, ಅರ್ಧ ಗ್ಯಾಸ್ ಮಾಡುತ್ತೆ. ಸಿಹಿ ಹೋಗುತ್ತೆ, ಹುಳಿ ಹೊಸದಾಗಿ ಅಷ್ಟೇನೂ ಹುಟ್ಟಲ್ಲ. ಸೈಡರ್ ‘ಹುಳಿ ಬಂತು’ ಅಂದರೆ ಗಾಳಿ ಹೊಕ್ಕು ವಿನೆಗರ್ ಆಯಿತು ಅಂತ ಅರ್ಥ, ಚೆಲ್ಲಬೇಕು ಇಲ್ಲ ಉಪ್ಪಿನಕಾಯಿಗೆ ಹಾಕಬೇಕು. ಹಾಗಾಗಿ ಇಲ್ಲಿ ‘ಹುದುಗು’ ಪದವೇ ಬೇಕು, ‘ಹುಳಿ’ ಕೂಡದು. ಈ ಒಂದು ವಿಷಯದಲ್ಲಿ ನಾನು ಹಟ ಬಿಡಲ್ಲ.

‘ಹೆಪ್ಪು’ ಆಗಲ್ವಾ ಅಂತ ಕೆಲವರು ಕೇಳಬಹುದು. ಹೆಪ್ಪು ಅಂದರೆ ಕೊನೆಗೆ ಗಟ್ಟಿಯಾಗಬೇಕು, ಮೊಸರಿನ ಹಾಗೆ. ಇಲ್ಲಿ ನೀರು ನೀರಾಗಿಯೇ ಇರುತ್ತೆ. ‘ಕಿಣ್ವ’ದ ಕತೆ ಇನ್ನೂ ಸ್ವಾರಸ್ಯ. ಶಾಲೆಯ ಪುಸ್ತಕದಲ್ಲಿ ಅದು ಎಂಜೈಮ್. ಆದರೆ ಸಂಸ್ಕೃತದಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಿಣ್ವ ಅಂದರೆ ಹೆಂಡಕ್ಕೆ ಹಾಕುವ ಹುದುಗು. ಎಂಜೈಮ್ ಅನ್ನೋ ಹೆಸರನ್ನೂ 1877ರಲ್ಲಿ ಜರ್ಮನಿಯ ಕ್ಯೂನೆ ಕಟ್ಟಿದ್ದು ‘ಹುದುಗಿನೊಳಗಿನದು’ ಅನ್ನೋ ಗ್ರೀಕ್ ಅರ್ಥದಿಂದಲೇ. ಎರಡು ಕಡೆಯೂ ಪದ ಹೆಂಡದ ಗಡಿಗೆಯಿಂದ ಎದ್ದು ಪ್ರಯೋಗಶಾಲೆಗೆ ಹೋಗಿದೆ.

ಉಳಿದ ಪದಗಳಿಗೆ ನನಗೆ ತೋಚಿದ್ದು ಹೇಳುತ್ತೇನೆ, ತಿದ್ದಿ. ಜಾಡಿಯ ಮೇಲೆ ಕೂರಿಸುವ ನೀರಿನ ಬಿರಡೆ, ಒಳಗಿನ ಗ್ಯಾಸ್ ಹೊರಗೆ ಬಿಡುತ್ತೆ, ಹೊರಗಿನ ಗಾಳಿಯನ್ನು ಒಳಗೆ ಬಿಡಲ್ಲ. ಅವನು ‘ವಾಯುಬೀಗ’ ಅಂದಿದ್ದಾನೆ. ಅಜ್ಜಂದಿರ ಗುಡುಗುಡಿ ನೋಡಿದವರಿಗೆ ಆ ಸದ್ದು ಗೊತ್ತು, ನೀರಿನೊಳಗಿಂದ ಗುಳ್ಳೆ ಏಳೋದು. ಹಾಗಾಗಿ ‘ಗುಡುಗುಡಿ ಬಿರಡೆ’ ಅಂದರೆ ಹೇಗೆ? ಹುದುಗಿದ ಮೇಲೆ ಜಾಡಿಯ ತಳದಲ್ಲಿ ಕೂರುವುದಕ್ಕೆ ‘ಗಸಿ’ ಸಾಕು (‘ಮಡ್ಡಿ’ ಅಂದರೆ ಚಳ್ಳಕೆರೆಯವರಿಗೆ ಎಣ್ಣೆಯೇ ನೆನಪಾಗುತ್ತೆ), ಗಸಿ ಕದಡದ ಹಾಗೆ ಪೈಪಿನಲ್ಲಿ ಮೇಲಿನದನ್ನು ಬೇರೆ ಜಾಡಿಗೆ ಇಳಿಸೋದಕ್ಕೆ ‘ತಿಳಿ ತೆಗೆ’. ‘ಡ್ರೈ’ ಅನ್ನೋದನ್ನು ‘ಒಣ ಸೈಡರ್’ ಮಾಡಿದ್ದಾನೆ, ನೀರಿನಂಥದ್ದು ಒಣಗಿರೋದು ಹೇಗೆ? ಅದು ‘ಸಿಹಿ ಇಲ್ಲದ್ದು’, ಅಷ್ಟೇ. ರುಚಿಯ ವಿಷಯದಲ್ಲಂತೂ ನಮಗೆ ಇಂಗ್ಲಿಷಿನವರಿಗಿಂತ ಅನುಕೂಲ ಜಾಸ್ತಿ. ಸೈಡರ್ ಸೇಬಿನ ಒಂದು ಜಾತಿಯನ್ನು ಅವರು ‘ಕಹಿ-ಸಿಹಿ’ ಅನ್ನುತ್ತಾರೆ, ಆದರೆ ಅಲ್ಲಿರೋದು ಹೆಚ್ಚಾಗಿ ಟ್ಯಾನಿನ್, ಅಡಿಕೆ ಅಗಿದಾಗ ನಾಲಿಗೆ ಹಿಡಿದುಕೊಳ್ಳುತ್ತಲ್ಲ ಅದು. ಅದಕ್ಕೆ ನಾವು ದಿನಾ ಆಡುವ ಪದ ಇದೆ: ಒಗರು. ‘ಒಗರು-ಸಿಹಿ’ ಅಂತ ಬರೆದರೆ ಅವರದ್ದಕ್ಕಿಂತ ಸರಿಯಾಗಿರುತ್ತೆ.

ಬಾಟಲಿಗೆ ತುಂಬುವ ಭಾಗದಲ್ಲಿ ಪದ ತಪ್ಪಿದರೆ ಕೈಗೇ ಅಪಾಯ. ರಸ ಹಿಂಡಿದಾಗ ಹೈಡ್ರೋಮೀಟರ್ 1.050ರ ಹತ್ತಿರ ತೋರಿಸುತ್ತೆ (ನೀರಿಗೆ ಹೋಲಿಸಿ ರಸ ಎಷ್ಟು ಸಾಂದ್ರ ಅಂತ ಅಳೆಯೋ ಸಾಧನ, ಹಾಲಿನ ಡೈರಿಯ ಲ್ಯಾಕ್ಟೋಮೀಟರ್‌ನ ಅಣ್ಣತಮ್ಮ ಅದು), ಸಕ್ಕರೆ ಮುಗಿದಾಗ 1.000ಕ್ಕೆ ಇಳಿಯುತ್ತೆ, ಆಗ ಆಲ್ಕೋಹಾಲ್ ಸುಮಾರು ಶೇ. 6.5. ಹಾಗೆ ಪೂರ್ತಿ ಇಳಿದ ಮೇಲೆ ಲೀಟರಿಗೆ 6–7 ಗ್ರಾಂ ಸಕ್ಕರೆ ಹಾಕಿ ಮುಚ್ಚಿದರೆ ಬಾಟಲಿಯೊಳಗೇ ಹದವಾಗಿ ಗ್ಯಾಸ್ ಹುಟ್ಟುತ್ತೆ. ಅವನು ಮೊದಲ ವರ್ಷ ಗುಳ್ಳೆ ನಿಂತಿದೆ ಅಂತ ಅವಸರ ಮಾಡಿ ತೆಳ್ಳನೆ ಬಾಟಲಿಗಳಿಗೆ ತುಂಬಿದ. ಒಳಗೆ ಸಕ್ಕರೆ ಇನ್ನೂ ಉಳಿದಿತ್ತು. ರಾತ್ರಿ ಬೀರುವಿನಲ್ಲಿ ಮೂರು ಒಡೆದವು, ಬಾಗಿಲಿನ ಮರದಲ್ಲಿ ಗಾಜಿನ ಚೂರು ನಾಟಿತ್ತು. ಅದಕ್ಕೇ ‘ಹುದುಗು ನಿಂತ ಮೇಲೆ’ ಅನ್ನೋದು ಸಾಲದು, ಯೀಸ್ಟ್ ಚಳಿಗೆ ಸುಮ್ನೆ ಮಲಗಿದ್ದರೂ ಹುದುಗು ನಿಂತ ಹಾಗೇ ಕಾಣುತ್ತೆ. ‘ಸಕ್ಕರೆ ತೀರಿದ ಮೇಲೆ’ ಅಂತಲೇ ಬರೆಯಬೇಕು ಅಂತ ನನ್ನ ಅಭಿಪ್ರಾಯ. ಆಮೇಲೆ ಹಾಕುವುದನ್ನು ಅವನು ‘ಪ್ರಾಥಮಿಕ ಸಕ್ಕರೆ’ ಅಂದಿದ್ದಾನೆ, ಎಲ್ಲಕ್ಕಿಂತ ಕೊನೆಗೆ ಹಾಕೋದಕ್ಕೆ ಆ ಹೆಸರು. ‘ಕೊನೇ ಸಕ್ಕರೆ’ ಅಂತ ತಿದ್ದಿದ್ದೇನೆ. ಬಾಟಲಿ ಯಾವುದು ಅನ್ನೋದಕ್ಕೆ ‘ಗೋಲಿ ಸೋಡಾ ಬಾಟಲಿಯಷ್ಟು ದಪ್ಪ ಗಾಜಿನದು’ ಅಂತ ಸೇರಿಸಿದೆ, ನಮ್ಮವರಿಗೆ ಅದರ ತೂಕ ಕೈಗೇ ಗೊತ್ತು.

ಈಗ ಕೇಳುವುದು ಎರಡು. ‘ಸೇಬಿನ ಹೆಂಡ’ ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ, ಬೈಗುಳದ ಹಾಗೋ, ಪಾನೀಯದ ಹೆಸರಿನ ಹಾಗೋ? ಇನ್ನೊಂದು ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ: ನೀರಾ ದಾಟಿ, ಹೆಂಡ ಪೂರ್ತಿ ಆಗದೆ, ಸಿಹಿ ಇನ್ನೂ ಅರ್ಧ ಇದ್ದು ಬುರುಗು ಏಳುತ್ತಿರುವ ಹೊತ್ತಿನದಕ್ಕೆ ನಿಮ್ಮ ಮನೆಯ ಹಿರಿಯರು ಬೇರೆ ಹೆಸರು ಹೇಳುತ್ತಿದ್ದರಾ? ಬಾಟಲಿಗೆ ತುಂಬಬಾರದ ಹೊತ್ತು ಅದೇ. ಅದಕ್ಕೊಂದು ಪದ ಸಿಕ್ಕರೆ ಅವನ ಬರಹಕ್ಕೆ ಬಹಳ ಉಪಕಾರ.

ಈ ಸಲದ ರಸ ಮೊನ್ನೆ ಭಾನುವಾರ ಜಾಡಿಗೆ ಬಿದ್ದಿದೆ, 1.052 ಇದೆಯಂತೆ. ಅದು ಇಳಿಯೋದರೊಳಗೆ ತಿದ್ದಿ ಕಳಿಸಬೇಕು.