ಕೆಪಿ ಇಳಿದ ಮ್ಯಾಲೂ 15 ಮೀಟರ್‌ನ್ಯಾಗ ಯುರೋಪ್ ಯಾಕ ಸಿಗವಲ್ದು?

ಉಣಕಲ್_ಡೈಪೋಲ್:
ಹುಬ್ಬಳ್ಳಿ, ಹ್ಯಾಮ್ ರೇಡಿಯೋ 100 ವಾಟ್, 10 ಮೀಟರ್ ಎತ್ತರದಾಗ ಡೈಪೋಲ್ (ತಂತಿ ಆಂಟೆನಾ). ಭೂಕಾಂತ ಬಿರುಗಾಳಿ ನಿನ್ನೆ ರಾತ್ರಿನ ತಣ್ಣಗಾತು, ಕೆಪಿ (ಭೂಕಾಂತ ಏರುಪೇರಿನ 0–9 ಅಂಕಿ) 7ರಿಂದ 2ಕ್ಕ ಇಳದೈತಿ. ಆದ್ರೂ ಮಧ್ಯಾಹ್ನ 3ರಿಂದ 5ರ ತನಕ 15 ಮೀಟರ್ ಬ್ಯಾಂಡ್, ಅಂದ್ರ 21 ಮೆಗಾಹರ್ಟ್ಸ್‌ನ್ಯಾಗ ಜರ್ಮನಿ, ಇಟಲಿ ಒಂದೂ ಇಲ್ಲ. ಸಿಂಗಪುರ ಮಾತ್ರ ಜೋರಾಗೇ ಬರ್ತೈತಿ. ಎಸ್‌ಡಬ್ಲ್ಯೂಆರ್ (ಆಂಟೆನಾ ಹೊಂದಿಕಿ ಅಳತಿ) 1.3, ಅಂದ್ರ ಚಲೋನ ಐತಿ. ದೋಷ ಎಲ್ಲೈತಿ?

ಧಾರವಾಡ_ಎಚ್‌ಎಫ್:
ಆಂಟೆನಾ ಇಳಸಬ್ಯಾಡ್ರಿ. ಜರ್ಮನಿ ಸುಮಾರು 7000 ಕಿ.ಮೀ. ಸಿಗ್ನಲ್ ಎಫ್2 ಪದರಕ್ಕ (ರೇಡಿಯೋ ಅಲೆಯನ್ನ ಭೂಮಿಗೆ ತಿರುಗಸೂ ಮೇಲಿನ ಗಾಳಿಯ ಎಲೆಕ್ಟ್ರಾನ್ ಪದರ) ಕಡಿಮಿ ಅಂದ್ರೂ ಎರಡು ಸಲ ಬಡಿಬೇಕು, ಕಡೀ ಬಡಿತ ಬೀಳೂದು 40 ಡಿಗ್ರಿ ಅಕ್ಷಾಂಶದ ಆಚಿಗೆ. ಕೆಟ್ಟದ್ದು ಅಲ್ಲಿಯ ಪದರ.

ಕೆಪಿ ಅಳಿಯೂದು ಆ 3 ತಾಸಿನ ಕಾಂತ ಏರುಪೇರು ಅಷ್ಟ. ಬಿರುಗಾಳಿಯಾಗ ಧ್ರುವದ ಕಡೆ ಮೇಲಿನ ಗಾಳಿ ಕಾದು ಉಬ್ಬತೈತಿ. ಕೆಳಗಿನ ನೈಟ್ರೋಜನ್, ಆಕ್ಸಿಜನ್ ಅಣು ಮ್ಯಾಲೆ ಬಂದು, ಗಾಳಿಗೆ ಸಿಕ್ಕು ಮಧ್ಯ ಅಕ್ಷಾಂಶಕ್ಕ ಹರಡ್ತಾವು. ಎಫ್2ದಾಗಿನ ಆಕ್ಸಿಜನ್ ಅಯಾನು ಇವಕ್ಕ ತಗಲಿದ ಕೂಡಲೆ ಎಲೆಕ್ಟ್ರಾನ್ ಲಗೂನ ಕರಗತಾವು. ಕಾಂತ ಸೂಜಿ ಶಾಂತ ಆದ್ರೂ ಈ ಗಾಳಿಮಿಶ್ರಣ ತಿರುಗಿ ಹದಕ್ಕ ಬರಾಕ ಒಂದೆರಡು ದಿನ ಬೇಕು. ಬ್ಯಾಸಗಿ ಇದ್ರ ಈ ಕೆಡುಕು ಇನ್ನೂ ದಕ್ಷಿಣಕ್ಕ ಇಳೀತೈತಿ.

ಲೆಕ್ಕ ನೋಡ್ರಿ: ಎಫ್2ದ ಕ್ರಿಟಿಕಲ್ ಫ್ರೀಕ್ವೆನ್ಸಿ (ನೆಟ್ಟಗ ಮ್ಯಾಲಕ್ಕ ಕಳಿಸಿದ್ರ ತಿರುಗಿ ಬರೂ ಗರಿಷ್ಠ) 10ರಿಂದ 6 ಮೆಗಾಹರ್ಟ್ಸ್‌ಗೆ ಬಿತ್ತು ಅನ್ರಿ. 3000 ಕಿ.ಮೀ. ಹಾರಿಕೆಗೆ ಅಂದಾಜು ಮೂರು ಪಟ್ಟು, ಅಂದ್ರ ಎಂಯುಎಫ್ (ಆ ದೂರಕ್ಕ ನಡಿಯೂ ಗರಿಷ್ಠ ಫ್ರೀಕ್ವೆನ್ಸಿ) 30ರಿಂದ 18ಕ್ಕ. ನಿಮ್ಮ 21 ಅಲ್ಲಿ ಪದರ ತೂರಿ ಬಾಹ್ಯಾಕಾಶಕ್ಕ ಹೋಗತೈತಿ. ಕಿಲೋವಾಟ್ ಹಾಕಿದ್ರೂ ಅಷ್ಟ! 14ಕ್ಕ ಇಳೀರಿ. 14.100, 18.110, 21.150ದ ಬೀಕನ್ (ಗುರುತಿನ ಸಿಗ್ನಲ್ ಕಳಸೂ ಕೇಂದ್ರ) ಸರದೀಲೆ ಕೇಳ್ರಿ. ಯುರೋಪಿನ ಬೀಕನ್ ಯಾವ ಬ್ಯಾಂಡಿನ ತನಕ ಕೇಳಸ್ತೈತಿ ಅನ್ನೂದ ನಿಮ್ಮ ಉತ್ತರ.

ಬಿರುಗಾಳಿಯ ಮೊದಲ ತಾಸುಗಳಲ್ಲಿ ಉಲ್ಟಾನೂ ಆಗಬಹುದು. ಗಾಳಿ ಪದರವನ್ನ ಮ್ಯಾಲಕ್ಕ ಎತ್ತಿದ್ರ ಎಲೆಕ್ಟ್ರಾನ್ ಹೆಚ್ಚಾಗಿ 28 ಮೆಗಾಹರ್ಟ್ಸ್ ಸೈತ ತೆರೀತೈತಿ.

ಗದಗ_ಸರ್ವೇ:
ಒಂದು ತಿದ್ದುಪಡಿ. ಕೆಟ್ಟದ್ದು ಉತ್ತರದ ಪದರ ಅಂದ ಮಾತ್ರಕ್ಕೆ ನಮ್ಮ ಆಕಾಶ ಸದಾ ಸುರಕ್ಷಿತವಲ್ಲ, ಇಲ್ಲಿ ಕಾರಣ ಬೇರೆ, ಅಷ್ಟೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಇದೆ. ಬಿರುಗಾಳಿಯ ವಿದ್ಯುತ್ ಕ್ಷೇತ್ರ ನಮ್ಮ ಸೂರ್ಯಾಸ್ತದ ಹೊತ್ತಿಗೆ ನುಗ್ಗಿದರೆ ಪದರ ಮೇಲೇರಿ ಪ್ಲಾಸ್ಮಾ ಗುಳ್ಳೆಗಳು (ಎಲೆಕ್ಟ್ರಾನ್ ವಿರಳವಾದ ಪೊಳ್ಳುಗಳು) ಏಳುತ್ತವೆ; ಬೇರೆ ಹೊತ್ತಿಗೆ ಬಂದರೆ ಅದೇ ಬಿರುಗಾಳಿ ಗುಳ್ಳೆಗಳನ್ನು ಅದುಮಲೂಬಹುದು. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಂತೂ ಬಿರುಗಾಳಿ ಇಲ್ಲದೆಯೂ ಏಳುತ್ತವೆ. ಆಗ ಕಪ್ಪತಗುಡ್ಡದ ಬದಿ ಆರ್‌ಟಿಕೆ (ಸೆಂಟಿಮೀಟರ್ ನಿಖರತೆಯ ಉಪಗ್ರಹ ಸರ್ವೇ ಸಾಧನ) ಹಿಡಿದು ನಿಂತವರಿಗೆ ಫಿಕ್ಸ್ (ಖಚಿತ ಸ್ಥಾನ) ಹೋಗಿ ಫ್ಲೋಟ್ (ಅಂದಾಜು ಸ್ಥಾನ) ಬರುತ್ತದೆ. ಜಿಪಿಎಸ್‌ನ ಎಲ್1 ಫ್ರೀಕ್ವೆನ್ಸಿಯಲ್ಲಿ 1 ಟಿಇಸಿ ಯೂನಿಟ್ (ಸಿಗ್ನಲ್ ದಾರಿಯ ಎಲೆಕ್ಟ್ರಾನ್ ಮೊತ್ತದ ಅಳತೆ) ಅಂದರೆ 16 ಸೆಂ.ಮೀ. ತಪ್ಪು, ಎರಡು ಫ್ರೀಕ್ವೆನ್ಸಿಯ ರಿಸೀವರ್ ಅದನ್ನು ಕಳೆಯುತ್ತದೆ, ಆದರೆ ಸಿಗ್ನಲ್ ಮಿಣುಕಿ ಸೈಕಲ್ ಸ್ಲಿಪ್ ಆದರೆ (ಅಲೆಗಳ ಎಣಿಕೆ ತಪ್ಪಿದರೆ) ಕೈಚೆಲ್ಲುತ್ತದೆ. ಬೇಸ್ (ಗೊತ್ತಿರುವ ಬಿಂದುವಿನ ಸ್ಥಿರ ರಿಸೀವರ್) 10 ಕಿ.ಮೀ. ಒಳಗೆ ಇಡಿ, 15 ಡಿಗ್ರಿಗಿಂತ ಕೆಳಗಿನ ಉಪಗ್ರಹ ಬಿಡಿ, ಸಂಜೆ 7ರಿಂದ ಮಧ್ಯರಾತ್ರಿವರೆಗೆ ತೆಗೆದ ಬಿಂದುಗಳನ್ನು ಬೆಳಿಗ್ಗೆ ಇನ್ನೊಮ್ಮೆ ಅಳೆಯದೆ ನಕ್ಷೆಗೆ ಏರಿಸಬೇಡಿ.