ಅಪ್‌ಡೇಟ್: ತಂದೆಯವರ ವಾಚಿನಲ್ಲಿ ನಾಡಿಬಡಿತ 52 ತೋರಿಸುತ್ತಿದ್ದ ಬಗ್ಗೆ

ದಾವಣಗೆರೆಯಲ್ಲಿರುವ ನಮ್ಮ ತಂದೆಯವರ ಸ್ಮಾರ್ಟ್‌ವಾಚ್ ರಾತ್ರಿ ಹೊತ್ತು ನಾಡಿಬಡಿತ 52 ಎಂದು ತೋರಿಸುತ್ತಿದೆ, ಗಾಬರಿಪಡಬೇಕೇ ಎಂದು ಕೇಳಿದ್ದೆ. ವೈದ್ಯರು ಇಸಿಜಿ ಮಾಡಿಸಿ ನೋಡಿದರು. ವಯಸ್ಕರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ ಸಾಮಾನ್ಯವಾದರೂ ನಿದ್ರೆಯಲ್ಲಿ ಅದು ಇನ್ನೂ ಇಳಿಯುವುದು ಸಹಜ, ಅದರಲ್ಲೂ ತಂದೆಯವರು ಬಿಪಿಗೆಂದು ನುಂಗುವ ಮೆಟೊಪ್ರೊಲಾಲ್ ಮಾತ್ರೆಯೇ ಬಡಿತವನ್ನು ತಗ್ಗಿಸುತ್ತದೆ ಎಂದು ವಿವರಿಸಿ, ನಾವಾಗಿಯೇ ಅದನ್ನು ನಿಲ್ಲಿಸಬಾರದೆಂದು ಒತ್ತಿ ಹೇಳಿದರು. ಕುಂದುವಾಡ ಕೆರೆಯ ಬಳಿ ನಡೆಯುವಾಗ ಒಮ್ಮೆಲೇ 140 ತೋರಿಸುತ್ತಿದ್ದುದಕ್ಕೆ ಮಾತ್ರ ಪಟ್ಟಿ ಸಡಿಲವಾಗಿದ್ದುದೇ ಕಾರಣ; ನಾಡಿ ಅಳೆಯುವ ವಾಚಿನ ಹಸಿರು ಬೆಳಕಿನ ಭಾಗ ಚರ್ಮಕ್ಕೆ ತಾಗಿಕೊಂಡೇ ಇರಬೇಕು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿದ ಮೇಲೆ, ಕೈಯಿಟ್ಟು ಎಣಿಸಿದ ನಾಡಿಗೂ ವಾಚಿನ ಅಂಕಿಗೂ ತಾಳೆಯಾಗುತ್ತಿದೆ. ತಲೆಸುತ್ತು, ಎದೆನೋವು ಅಥವಾ ಏದುಸಿರು ಕಂಡರೆ ವಾಚ್ ಏನೇ ತೋರಿಸಲಿ, ತಡಮಾಡದೆ ಆಸ್ಪತ್ರೆಗೆ ಕರೆತರಬೇಕೆಂದು ತಿಳಿಸಿದ್ದಾರೆ.